ಬಾಲ ಮಡಚದ ರೋಲು

ಜೂನ್ ೪

ಕಾಲಿಗೆ ಚಕ್ರ ಕಟ್ಟಿಕೊಂಡವರಿಗೆ,

ನೀವು ಅಂಚೆಯಲ್ಲಿ ಕಳಿಸಿದ ಫಿಲ್ಮ್ ರೋಲುಗಳು ಬಂದವು. ನಿನ್ನೆಯೇ ತೊಳೆದು ಒಣಹಾಕಿದೆ. ಇಲಾಖೆಯವರು ನಿಮ್ಮನ್ನು ಊರೂರಿಗೆ ಕಳಿಸುವುದು ಕಾರ್ಖಾನೆಗಳ ಬಾಯ್ಲರಿನ ಹೊಟ್ಟೆಯೊಳಗೆ ಇಳಿದು ಬಿರುಕು ಹುಡುಕಲಿ ಅಂತ. ನೀವೋ, ಹೊರಗೆ ಬಂದ ಕೂಡಲೇ ಕತ್ತೆತ್ತಿ ಆಕಾಶದ ಫೋಟೋ ತೆಗೆಯುತ್ತೀರಿ. ಈ ಸಲವೂ ಮುಕ್ಕಾಲುಪಾಲು ಆಕಾಶವೇ. ಅಷ್ಟರಲ್ಲಿ ಒಂದು ಮಾತ್ರ ಬಲು ಚೆನ್ನಾಗಿದೆ. ಮೂರನೇ ಮಹಡಿಯ ಗೋಡೆಯಲ್ಲಿ ಒಂಟಿ ಬಾಗಿಲು, ಅದಕ್ಕೆ ಮೆಟ್ಟಿಲಿಲ್ಲ, ಬಾಲ್ಕನಿ ಇಲ್ಲ, ಆದರೆ ಚಿಲಕ ಹೊರಗಿನಿಂದ ಹಾಕಿದೆ! ಯಾರು ಹಾಕಿದರು, ಹಾಕಿ ಎಲ್ಲಿಗೆ ಹೋದರು ಅಂತ ನಾನೂ ಮಗಳೂ ಊಟ ಆರಿಹೋಗುವ ತನಕ ಜಗಳಾಡಿದೆವು. ಅದನ್ನು ದೊಡ್ಡದು ಮಾಡಿ ನಮ್ಮ ಫೋಟೋ ಸ್ಟುಡಿಯೋದ ಕಿಟಕಿಯಲ್ಲಿ ಇಟ್ಟಿದ್ದೇನೆ.

ಇನ್ನು ಬೈಗುಳ. ರೋಲು ಮುಗಿದಮೇಲೆ ಹಿಂದಕ್ಕೆ ಸುತ್ತುವಾಗ ಅದರ ಬಾಲವನ್ನು ಡಬ್ಬಿಯೊಳಕ್ಕೆ ಪೂರ್ತಿ ಸೇರಿಸಬೇಡಿ ಅಂತ ಎಷ್ಟು ಸಲ ಹೇಳಲಿ? ಡಾರ್ಕ್ ರೂಮಿನ ಕತ್ತಲಲ್ಲಿ ತಡಕಾಡಿ ತಡಕಾಡಿ ನನ್ನ ಉಗುರು ಕಿತ್ತುಬಂತು. ಬಾಲ ಹೊರಗೇ ಇರಲಿ. ಆದರೆ ಕ್ಯಾಮೆರಾದಿಂದ ತೆಗೆದ ತಕ್ಷಣ, ಬೇರೆ ಕೆಲಸಕ್ಕೆ ಕೈ ಹಾಕುವ ಮೊದಲು, ಅದರ ತುದಿ ಮಡಚಿಬಿಡಿ. ದೊಡ್ಡ ಸುರುಳಿಯಿಂದ ಕತ್ತರಿಸಿ ಹಳೇ ಡಬ್ಬಿಗಳಿಗೆ ನಾನೇ ತುಂಬಿದ ಫಿಲ್ಮು ಅದು, ಮೇಲೆ ಹೆಸರಿಲ್ಲ, ಗುರುತಿಲ್ಲ. ಬಾಲ ಮಡಚಿದ್ದು ಮುಗಿದದ್ದು, ನೆಟ್ಟಗಿದ್ದದ್ದು ಹೊಸದು. ನಮಗಿರುವುದು ಇದೊಂದೇ ಗುರುತು. ದಯವಿಟ್ಟು ಇದರಲ್ಲಿ ಮಾತ್ರ ಬಾಲ ಬಿಚ್ಚಬೇಡಿ.

ಹೊರಡುವ ದಿನ ಬಾಗಿಲಲ್ಲಿ ನಿಂತು ಕೈ ಎತ್ತಿ "ತಡೀರಿ" ಅಂದೆ. "ರೈಲಿಗೆ ಹೊತ್ತಾಯ್ತು" ಅಂತ ಇಳಿದೇಬಿಟ್ಟಿರಿ. ನಿಮ್ಮ ಕನ್ನಡಕದ ಡಬ್ಬಿ ಇಲ್ಲೇ ಮೇಜಿನ ಮೇಲಿದೆ.

ಕೆಮ್ಮು ಹಾಗೇ ಇದೆ. ಕೆಮಿಕಲ್ ವಾಸನೆಗಿರಬೇಕು.

ಇಂತಿ,
ನಿಮ್ಮ ಮನೆಯವಳು


ಜೂನ್ ೧೯

ಡಾರ್ಕ್ ರೂಮಿನ ಯಜಮಾನಿಗೆ,

ಕನ್ನಡಕಕ್ಕೆ ಈಗ ನನ್ನ ಕಾಲುಚೀಲವೇ ಡಬ್ಬಿ. ಒಗೆದದ್ದೇ, ಹೆದರಬೇಡ.

ಇಲ್ಲಿ ಕಾರ್ಖಾನೆಯ ಪಕ್ಕದಲ್ಲೇ ಉಪ್ಪಿನ ಗದ್ದೆಗಳಿವೆ. ಮನೆಯೆತ್ತರದ ಉಪ್ಪಿನ ರಾಶಿ, ಅದರ ನೆತ್ತಿಯ ಮೇಲೆ ಯಾರೋ ಒಂದು ಕುರ್ಚಿ ಇಟ್ಟಿದ್ದಾರೆ. ಕಾವಲುಗಾರನನ್ನು ಕೇಳಿದೆ. "ಕೂತ್ಕೊಳ್ಳೋಕೆ ಸಾರ್" ಅಂದ. ಅಲ್ಲಿಗೆ ಹತ್ತುವುದು ಹೇಗೆ ಅಂದೆ. "ಹತ್ತೋಕಾಗಲ್ಲ ಸಾರ್, ಜಾರತ್ತೆ" ಅಂದ. ಆ ಕುರ್ಚಿಯ ಫೋಟೋ ನಿನಗಾಗಿಯೇ ತೆಗೆದಿದ್ದೇನೆ. ನೀನಿದ್ದಿದ್ದರೆ ಒಂದು ವಾರ ಅದನ್ನೇ ಆಡಿಕೊಂಡು ನಗುತ್ತಿದ್ದೆ ಅನ್ನುವುದು ಗೊತ್ತಿದ್ದೇ ತೆಗೆದೆ. ನಿಜ ಹೇಳಬೇಕೆಂದರೆ ನಾನು ಎಲ್ಲವನ್ನೂ ಹಾಗೆಯೇ ತೆಗೆಯುವುದು. ನಾನು ನೋಡುವುದು ಒಂದು ಕ್ಷಣ, ನೀನು ನೋಡಿದ ಮೇಲೆಯೇ ನನಗೆ ಅದು ಪೂರ್ತಿ ಕಾಣುವುದು.

ಒಂದು ಮಾತು. ಊರಿನವರಿಗೆಲ್ಲ ಮುಖ ಮಾಡಿಕೊಟ್ಟವಳು ನೀನು. ಗಿರಾಕಿಗಳ ಮುಂದೆ ಬೆರಳು ಜೋಡಿಸಿ ಅಂಗೈ ಎತ್ತಿ "ತಡೀರಿ" ಅಂದರೆ ಅಳುವ ಕೂಸೂ ಉಸಿರು ಬಿಗಿಹಿಡಿಯುತ್ತದೆ. ನಿನ್ನದೇ ಒಂದು ಫೋಟೋ ಮಾತ್ರ ಇಲ್ಲ. ನಾನು ಕ್ಯಾಮೆರಾ ಎತ್ತಿದರೆ ಸೀದಾ ಅಡುಗೆಮನೆಗೆ ಓಡುತ್ತೀಯ. ಈ ಸಲ ಬಂದಾಗ ಹಟ ಮಾಡುತ್ತೇನೆ, ಹೇಳಿರುತ್ತೇನೆ.

ಕೆಮ್ಮಿಗೆ ಡಾಕ್ಟರರ ಹತ್ತಿರ ಹೋಗು. ವಾಸನೆಗೆ ಇಷ್ಟು ದಿನ ಯಾರೂ ಕೆಮ್ಮುವುದಿಲ್ಲ.

ಇಂತಿ,
ಊರು ಸುತ್ತುವವನು


ಜುಲೈ ೨೩

ಇವರಿಗೆ,

ಡಾಕ್ಟರರ ಹತ್ತಿರ ಹೋಗಿಬಂದೆ. ಎಕ್ಸ್‌ರೇ ತೆಗೆದರು. ಅವರು ಅದನ್ನು ಬೆಳಕಿಗೆ ಹಿಡಿದಾಗ ನಾನೂ ನೋಡಿದೆ. ನೆಗೆಟಿವ್ ಓದುವುದು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲವಲ್ಲ. ಅವರು ಬಾಯಿ ತೆರೆಯುವ ಮೊದಲೇ ತಿಳಿಯಿತು.

ಡಾರ್ಕ್ ರೂಮಿಗೆ ಕಾಲಿಡಕೂಡದು ಅಂದಿದ್ದಾರೆ. ಇನ್ನು ಮಗಳೇ ತೊಳೆಯುತ್ತಾಳೆ. ಅವಳ ಕೈ ನನ್ನ ಕೈಗಿಂತ ಚುರುಕು. ಉಪ್ಪಿನ ಮೇಲಿನ ಕುರ್ಚಿಯನ್ನು ಅವಳು ಎಷ್ಟು ಚೆನ್ನಾಗಿ ಪ್ರಿಂಟು ಹಾಕಿದ್ದಾಳೆ ಅಂದರೆ ಒಂದೊಂದು ಹರಳೂ ಕಾಣುತ್ತದೆ. ನನ್ನ ತಲೆದಿಂಬಿನ ಹತ್ತಿರ ಒರಗಿಸಿಟ್ಟುಕೊಂಡಿದ್ದೇನೆ.

ರಜೆ ಸಿಕ್ಕರೆ ಬನ್ನಿ. ಸಿಗದಿದ್ದರೆ ಬೇಡ. ಸಿಕ್ಕರೆ ಬನ್ನಿ.

ಇಂತಿ,
ನಾನು


ಸೆಪ್ಟೆಂಬರ್ ೧೨

ಅಪ್ಪ,

ತಲುಪಿದ್ದಕ್ಕೆ ಒಂದು ಸಾಲು ಬರೆಯುತ್ತೀರಿ ಅಂದುಕೊಂಡಿದ್ದೆ. ಇರಲಿ. ಅಮ್ಮ ಹೋಗಿ ವಾರ ತುಂಬುವ ಮೊದಲೇ ನೀವು ಚೀಲ ಹೆಗಲಿಗೇರಿಸಿ ಹೊರಟಿರಿ. ಬಂದುಹೋದವರೆಲ್ಲ "ಅಪ್ಪ ಎಲ್ಲಮ್ಮಾ?" ಅಂತ ಕೇಳಿದರು. ಬಾಯ್ಲರ್ ನೋಡೋಕೆ ಹೋಗಿದ್ದಾರೆ ಅಂದೆ. ನನಗೆ ಸಿಟ್ಟಿದೆ ಅಪ್ಪ. ಬರೆಯದೆ ಇದ್ದರೆ ಹೊಟ್ಟೆಯೊಳಗೇ ಕೊಳೆಯುತ್ತದೆ, ಅದಕ್ಕೆ ಬರೆದೆ.

ಈಗ ಕೆಲಸದ ಮಾತು. ಸ್ಟುಡಿಯೋ ಗೋಡೆಯಲ್ಲಿ ಅಮ್ಮನ ಫೋಟೋ ಹಾಕಬೇಕು. ಮೊಳೆ ಹೊಡೆದಿದ್ದೇನೆ, ಫೋಟೋ ಇಲ್ಲ. ಮನೆಯಿಡೀ ಜಾಲಾಡಿದೆ. ನಿಮ್ಮ ಮದುವೆಯ ಫೋಟೋದಲ್ಲಿ ತಲೆ ತಗ್ಗಿಸಿದ್ದಾಳೆ, ಬೈತಲೆ ಬಿಟ್ಟು ಬೇರೇನೂ ಕಾಣುವುದಿಲ್ಲ. ಗುರುತಿನ ಚೀಟಿಯದು ಮಾಸಿ ಮೂಗು ಎಲ್ಲಿ, ಬಾಯಿ ಎಲ್ಲಿ ತಿಳಿಯುವುದಿಲ್ಲ. ಯಾರ್ಯಾರದೋ ಮುಖಗಳು ಪೆಟ್ಟಿಗೆಗಟ್ಟಲೆ ಇವೆ, ಅಮ್ಮನದೊಂದಿಲ್ಲ.

ಆಗಸ್ಟಿನಲ್ಲಿ ರಜೆಗೆ ಬಂದಾಗ ನೀವು ಅವಳನ್ನು ಕೂರಿಸಿ ಒಂದು ರೋಲು ಪೂರ್ತಿ ತೆಗೆದಿರಿ ಅಂತ ಅಮ್ಮನೇ ಹೇಳಿದಳು. ಆವತ್ತು ನಾನು ಔಷಧಿ ಅಂಗಡಿಗೆ ಹೋಗಿದ್ದೆ. ಆ ರೋಲು ಎಲ್ಲಿ? ಡಾರ್ಕ್ ರೂಮಿನಲ್ಲಿ ಇಲ್ಲ.

ನಿಮ್ಮ ಮಗಳು


ಸೆಪ್ಟೆಂಬರ್ ೨೧

ಮಗಳೇ,

ನಿನ್ನ ಸಿಟ್ಟು ನ್ಯಾಯವಾದದ್ದು. ಅಲ್ಲಿ ಇರಲಾರದೆ ಓಡಿಬಂದೆ. ಅವಳ ಚಪ್ಪಲಿ ಬಾಗಿಲ ಹತ್ತಿರವೇ ಇತ್ತು. ಅದನ್ನು ದಾಟಿಕೊಂಡು ಓಡಾಡಲು ನನ್ನಿಂದ ಆಗಲಿಲ್ಲ.

ಅಮ್ಮ ಹೋದಳೆಂಬ ಆ ಫೋನು ಬಂದಾಗ ನಾನು ಬಾಯ್ಲರಿನ ಒಳಗಿದ್ದೆ. ಕೈಯಲ್ಲಿ ಟಾರ್ಚು, ಸುತ್ತ ಕಬ್ಬಿಣ. ಬಾಯ್ಲರಿಗೆ ಬೆಂಕಿ ಹಾಕುವ ಫೈರ್‌ಮನ್ ಬಂದು ಹೊರಗಿನಿಂದ ತಟ್ಟಿದ. "ಸಾರ್, ಫೋನು, ಬೇಗ ಬನ್ನಿ" ಅಂದ. "ತಡಿಯಪ್ಪ, ಇದೊಂದು ಮುಗೀಲಿ" ಅಂದೆ. ಒಂದು ಬೆಸುಗೆ ನೋಡಿ ಮುಗಿಸಿಯೇ ಹೊರಗೆ ಬಂದೆ ಕಣಮ್ಮ.

ಈಗ ಕತ್ತಲೆ ಕಂಡರೆ ಆಗುವುದಿಲ್ಲ. ಕೆಲಸ ಮುಗಿದ ಕೂಡಲೇ ಬೀದಿಗೆ ಬೀಳುತ್ತೇನೆ. ಕಣ್ಣು ಕುಕ್ಕುವಂಥದ್ದು ಎಲ್ಲಿ ಸಿಕ್ಕರೂ ತೆಗೆಯುತ್ತೇನೆ. ಆಸ್ಪತ್ರೆಯ ಮಾಳಿಗೆಯಲ್ಲಿ ಒಣಗಿಸಿದ ಬಿಳಿ ಬಟ್ಟೆ, ಸುಣ್ಣದ ಗೂಡು, ಬಿಸಿಲಿಗೆ ನಿಲ್ಲಿಸಿದ ಗಾಜು ಹೇರಿದ ಲಾರಿ, ಮೋಡ, ಮತ್ತೆ ಮೋಡ. ಯಾರಿಗೆ ತೋರಿಸಲು ಅಂತ ಕೇಳಬೇಡ. ಕೈ ಸುಮ್ಮನಿರುವುದಿಲ್ಲ. ಕೊನೆಗೊಂದು ದಿನ ಗಟ್ಟಿ ಮನಸ್ಸು ಮಾಡಿ ಆ ಬಾಯ್ಲರಿನ ಬಾಯಿಯ ಫೋಟೋವನ್ನೂ ತೆಗೆದೆ. ಅಲ್ಲಿಗೆ ಆ ರೋಲು ಮುಗಿಯಿತು.

ಅಮ್ಮನ ರೋಲು ನನ್ನ ಚೀಲದಲ್ಲೇ ಬಂದುಬಿಟ್ಟಿತ್ತು. ಆವತ್ತು ಗಿರಾಕಿಗಳ ಸ್ಟೂಲಿನ ಮೇಲೆ ಕೂತಳು. ಹೆಗಲ ಮೇಲೆ ಶಾಲು ಹೊದ್ದುಕೊಂಡು, "ಈ ಮುಖಾನ ಈಗ ತೆಗೀತಾರಂತೆ, ಚೆನ್ನಾಗಿದ್ದಾಗ ಬಿಟ್ಟು" ಅಂತ ನಕ್ಕಳು. ಒಮ್ಮೆಯೂ ಎದ್ದು ಓಡಲಿಲ್ಲ. ಅದೇ ನನಗೆ ಹೆದರಿಕೆ ಹುಟ್ಟಿಸಿತು. ಕೊನೆಯದೊಂದು ತೆಗೆಯುವಾಗ ಕೈ ಎತ್ತಿದಳು, ಸಾಕು ಅಂತಲೋ ಏನೋ. ಒತ್ತಿದೆ. ರೋಲು ಸುತ್ತಿ ತೆಗೆಯುತ್ತಿದ್ದ ಹಾಗೆಯೇ ಅವಳಿಗೆ ಕೆಮ್ಮು ಕಿತ್ತುಕೊಂಡು ಬಂತು. ಅದನ್ನು ಚೀಲದ ಜೇಬಿಗೆ ಹಾಕಿ ನೀರಿಗೆ ಓಡಿದೆ. ಮರುದಿನ ರೈಲು.

ಬಾಲ ಮಡಚಿದ ರೋಲುಗಳನ್ನೆಲ್ಲ ತಗಡಿನ ಡಬ್ಬಿಗೆ ಹಾಕಿ ಇವತ್ತು ಅಂಚೆಗೆ ಕೊಟ್ಟಿದ್ದೇನೆ. ಯಾವುದು ಯಾವುದು ಅಂತ ತಿಳಿಯದು. ಎಲ್ಲವನ್ನೂ ತೊಳಿ. ಅಮ್ಮನದು ಮೊದಲು ಪ್ರಿಂಟು ಹಾಕು. ನನಗೊಂದು ಕಳಿಸು.

ಇಂತಿ,
ಅಪ್ಪ


ಅಕ್ಟೋಬರ್ ೨

ಅಪ್ಪ,

ಡಬ್ಬಿ ಬಂತು. ತೊಳೆಯುತ್ತಿದ್ದೇನೆ. ಶಾಲೆಯ ಮಕ್ಕಳ ಫೋಟೋ ಕೆಲಸ ತುಂಬಾ ಇದೆ, ನಿಧಾನವಾಗುತ್ತದೆ. ಹೊತ್ತಿಗೆ ಸರಿಯಾಗಿ ಊಟ ಮಾಡಿ.

ಮಗಳು


ಅಕ್ಟೋಬರ್ ೨೪

ಮಗಳೇ,

ನಿನ್ನ ಕಾಗದ ಇಷ್ಟೇನಾ? ಹಿಂದೆ ಮುಂದೆ ತಿರುಗಿಸಿ ನೋಡಿದೆ.

ಈ ಲಾಡ್ಜಿನ ಕೋಣೆಯಲ್ಲಿ ಮಂಚ, ಮೇಜು, ಬಿರುಕುಬಿಟ್ಟ ಕನ್ನಡಿ ಇವೆ. ಕನ್ನಡಿಯ ಚೌಕಟ್ಟಿಗೆ ಫೋಟೋ ಸಿಕ್ಕಿಸಲು ಜಾಗ ಮಾಡಿಟ್ಟಿದ್ದೇನೆ. ನಿನ್ನೆ ಫೈರ್‌ಮನ್ ಟೀ ಕುಡಿಯುತ್ತಾ, "ಸಾರ್, ಮನೆಯವರ ಫೋಟೋ ಇದೆಯಾ, ನೋಡೋಣ" ಅಂದ. ಮಗಳು ಪ್ರಿಂಟು ಹಾಕ್ತಿದಾಳೆ, ಈ ವಾರ ಬರುತ್ತೆ ಅಂದೆ. ಹೋದ ವಾರವೂ ಅವನಿಗೆ ಅದನ್ನೇ ಹೇಳಿದ್ದೆ. ಅವನು ಪಾಪ, ತಲೆಯಾಡಿಸಿದ.

ಒಂದು ಸಂಗತಿ ಹೇಳುತ್ತೇನೆ, ಯಾರಿಗೂ ಹೇಳಬೇಡ. ಅವಳ ಮುಖ ನನಗೆ ನೆನಪಿಗೆ ಬರುತ್ತಿಲ್ಲ. ದನಿ ಬರುತ್ತದೆ, ಬೈದದ್ದು ಬರುತ್ತದೆ, ಶಾಲಿನ ಅಂಚು ಬರುತ್ತದೆ. ಮುಖಕ್ಕೆ ಬಂದರೆ ಬರೀ ಬೆಳ್ಳಗೆ. ಇಷ್ಟು ಬೇಗ ಹೀಗಾಗುತ್ತದಾ? ವರ್ಷದಲ್ಲಿ ಹೆಚ್ಚು ದಿನ ಮನೆಯ ಹೊರಗಿದ್ದವನಿಗೆ ಹೀಗೇ ಆಗಬೇಕೋ ಏನೋ. ಬೇಗ ಕಳಿಸು ತಾಯಿ. ಚಿಕ್ಕ ಸೈಜಾದರೂ ಸರಿ.

ಇಂತಿ,
ಅಪ್ಪ


ನವೆಂಬರ್ ೩

ಅಪ್ಪ,

ಹೇಳಲು ಬಾಯಿಲ್ಲ, ಅದಕ್ಕೇ ದಿನ ದೂಡಿದೆ. ಅಮ್ಮನ ರೋಲನ್ನು ನಾನು ಹಾಳುಮಾಡಿದೆ. ತೊಳೆಯುತ್ತಿದ್ದಾಗ ಅಂಗಡಿಯಲ್ಲಿ ಯಾರೋ ಕರೆದರು. ಮುಗಿಯಿತು ಅಂದುಕೊಂಡು ಫಿಲ್ಮು ತೊಳೆಯುವ ಡಬ್ಬಿಯ ಮುಚ್ಚಳ ತೆಗೆದುಬಿಟ್ಟೆ. ಬೆಳಕು ಬಿತ್ತು. ಏನೂ ಉಳಿಯಲಿಲ್ಲ.

ಬೈಯಿರಿ. ಆದರೆ ಆ ರೋಲಿನ ಸುದ್ದಿ ಇಲ್ಲಿಗೆ ಬಿಡಿ. ನಾನೂ ಬಿಡುತ್ತೇನೆ.

ಮಗಳು


ನವೆಂಬರ್ ೧೧

ಮಗಳೇ, ನನ್ನ ಬಂಗಾರವೇ,

ಅಳಬೇಡ, ಮೊದಲು ಕಣ್ಣೊರೆಸಿಕೋ. ನೀನು ಹಾಳುಮಾಡಿದ್ದು ಅಮ್ಮನ ರೋಲಲ್ಲ!

ನಿನ್ನ ಕಾಗದ ಓದಿ ರಾತ್ರಿಯೆಲ್ಲ ಕೂತಿದ್ದೆ. ಬೆಳಿಗ್ಗೆ ಚೀಲದಲ್ಲಿದ್ದದ್ದನ್ನೆಲ್ಲ ಮಂಚದ ಮೇಲೆ ಸುರಿದೆ. ಪಕ್ಕದ ಜೇಬಿನ ತಳದಲ್ಲಿ ಒಂದು ರೋಲು ಸಿಕ್ಕಿತು. ಬಾಲ ನೆಟ್ಟಗಿದೆ. ಹೊಸದು ಅಂತ ಇಷ್ಟು ದಿನ ಅದನ್ನು ಮುಟ್ಟಿಯೇ ಇರಲಿಲ್ಲ. ಆಗ ತಲೆಗೆ ಹೊಳೆಯಿತು. ಅವಳಿಗೆ ಕೆಮ್ಮು ಬಂದು ನಾನು ನೀರಿಗೆ ಓಡಿದೆನಲ್ಲ, ಅವಳ ರೋಲಿನ ಬಾಲ ನಾನು ಮಡಚಲೇ ಇಲ್ಲ! ಮಡಚದ್ದರಿಂದ ನಿನಗೆ ಕಳಿಸಿದ ಡಬ್ಬಿಯೊಳಗೆ ಅದು ಸೇರಲೇ ಇಲ್ಲ. ಬೆಳಕು ಬಿದ್ದು ಹೋದದ್ದು ನನ್ನ ಮೋಡಗಳು. ಹೋಗಲಿ ಬಿಡು, ಮೋಡ ಯಾರಿಗೆ ಬೇಕು.

ನನ್ನ ಮರೆವು ಒಂದು ಸಲವಾದರೂ ಒಳ್ಳೆಯದು ಮಾಡಿತು. ಅವಳಿದ್ದಿದ್ದರೆ ಎಷ್ಟು ಬೈಯುತ್ತಿದ್ದಳು, ಎಷ್ಟು ನಗುತ್ತಿದ್ದಳು! ರೋಲನ್ನು ಹತ್ತಿಯಲ್ಲಿ ಸುತ್ತಿ ರಿಜಿಸ್ಟರ್ ಅಂಚೆಯಲ್ಲಿ ಕಳಿಸಿದ್ದೇನೆ. ಅಂಗಡಿ ಬಾಗಿಲು ಹಾಕಿ, ಯಾರು ಕರೆದರೂ ಓಗೊಡದೆ ತೊಳಿ. ಫೈರ್‌ಮನ್‌ಗೂ ಹೇಳಿದೆ. ಅವನು ಟೀ ತರಿಸಿದ.

ಇಂತಿ,
ನಿನ್ನ ಅಪ್ಪ


ಡಿಸೆಂಬರ್ ೫

ಅಪ್ಪ,

ನೀವು ಎರಡು ಸಲ ಸ್ಟುಡಿಯೋ ಪಕ್ಕದ ಅಂಗಡಿಗೆ ಫೋನು ಮಾಡಿದಿರಂತೆ. ನಾನು ಬೇಕೆಂದೇ ಬರಲಿಲ್ಲ. ದನಿಯಲ್ಲಿ ಇದನ್ನು ಹೇಳಲು ನನ್ನಿಂದ ಆಗುತ್ತಿರಲಿಲ್ಲ.

ನೀವು ಕಳಿಸಿದ ರೋಲು ಖಾಲಿ. ಅದು ಖಾಲಿಯೇ ಇರುತ್ತದೆ ಅಂತ ನನಗೆ ಗೊತ್ತಿತ್ತು. ಆದರೂ ಬಾಗಿಲು ಹಾಕಿ, ನೀವು ಹೇಳಿದ ಹಾಗೆಯೇ, ಅಮ್ಮ ಕಲಿಸಿದ ಹಾಗೆಯೇ ತೊಳೆದೆ. ತೊಳೆಯುವಷ್ಟು ಹೊತ್ತು ನಾನೂ ಆಸೆಪಟ್ಟೆ. ಲೈಟಿಗೆ ಹಿಡಿದೆ. ಈ ತುದಿಯಿಂದ ಆ ತುದಿಯವರೆಗೆ ಬರೀ ತಿಳಿ, ಒಂದು ಗೆರೆಯೂ ಇಲ್ಲ.

ನಾನು ಯಾವ ಮುಚ್ಚಳವನ್ನೂ ತೆಗೆದಿರಲಿಲ್ಲ ಅಪ್ಪ. ಸುಳ್ಳು ಹೇಳಿದೆ. ನಿಮ್ಮ ಮೇಲೆ ಸಿಟ್ಟಿದ್ದಾಗಲೂ ಇದು ನಿಮಗೆ ಗೊತ್ತಾಗಬಾರದು ಅನ್ನಿಸಿತು. ಇನ್ನೊಂದು ಸುಳ್ಳು ಕಟ್ಟಲು ಈಗ ಶಕ್ತಿಯಿಲ್ಲ. ಅಮ್ಮನ ರೋಲಿನ ಬಾಲ ನೀವು ಮಡಚಲಿಲ್ಲ, ಅದು ನಿಜ. ಅದು ಚೀಲದಲ್ಲಿ ಹೊಸ ರೋಲಿನ ಜೊತೆ ನೆಟ್ಟಗೆ ಕೂತಿತ್ತು. ಅಮ್ಮ ಹೋದಮೇಲೆ ಹೊಸದು ಅಂತ ನೀವು ಕ್ಯಾಮೆರಾಕ್ಕೆ ಹಾಕಿದ್ದು ಅದನ್ನೇ, ಮುಗಿದ ಮೇಲೆ ಬಾಲ ಮಡಚಿ ತಗಡಿನ ಡಬ್ಬಿಯಲ್ಲಿ ಕಳಿಸಿದ್ದೂ ಅದನ್ನೇ. ಅಮ್ಮನ ಮೇಲೆಯೇ ಎಲ್ಲವನ್ನೂ ತೆಗೆದಿದ್ದೀರಿ.

ಒಂದರ ಮೇಲೊಂದು ಸರಿಯಾಗಿ ಕೂತಿವೆ. ಒಂದೇ ಫಿಲ್ಮಿನ ಮೇಲೆ ಎರಡು ಸಲ ತೆಗೆದರೆ ಬೆಳಕು ಜೋರಾಗಿ ಬಿದ್ದಲ್ಲಿ ಮೊದಲನೆಯದು ಅಳಿಸಿಹೋಗುತ್ತದೆ, ಕತ್ತಲಿದ್ದಲ್ಲಿ ಮಾತ್ರ ಉಳಿಯುತ್ತದೆ. ನೀವು ಬರೀ ಬೆಳಕನ್ನು ತೆಗೆದಿರಿ. ಬಿಳಿ ಬಟ್ಟೆಯಲ್ಲಿ ಅವಳ ಮುಖ ಹೋಯಿತು, ಸುಣ್ಣದಲ್ಲಿ ಹೋಯಿತು, ಗಾಜಿನಲ್ಲಿ ಹೋಯಿತು. ಮೋಡದ ಕೆಳಗಿನ ತಂತಿಕಂಬದ ನೆರಳಿನಲ್ಲಿ ಸ್ಟೂಲಿನ ಒಂದು ಕಾಲು ಇದೆ. ಇಷ್ಟು ದಿನ ಒಂದೊಂದನ್ನೂ ಹತ್ತು ರೀತಿ ಪ್ರಿಂಟು ಹಾಕಿ ನೋಡಿದೆ. ಕಿವಿಯೋ ಏನೋ ಅನ್ನುವಂಥದ್ದೊಂದು ಸಿಕ್ಕಿತು. ಮುಖ ಎಲ್ಲೂ ಇಲ್ಲ.

ಕೊನೆಯದೊಂದು ಕಳಿಸುತ್ತಿದ್ದೇನೆ. ಬಾಯ್ಲರಿನ ಬಾಯಿ ಅದು. ನೀವು ತೆಗೆದದ್ದರಲ್ಲಿ ಕತ್ತಲಿರುವುದು ಅದೊಂದರಲ್ಲೇ. ನಡುವೆ ಅಮ್ಮನ ಕೈ ಮಣಿಕಟ್ಟಿನವರೆಗೆ ನಿಚ್ಚಳವಾಗಿ ಬಂದಿದೆ. ಬೇಡ ಅಂತ ಅಡ್ಡ ಹಿಡಿದ ಹಾಗಿದೆ. ಉಂಗುರ ಕೂಡ ಕಾಣುತ್ತದೆ. ಮುಖವಿದ್ದ ಜಾಗಕ್ಕೆ ಸರಿಯಾಗಿ ಕಾರ್ಖಾನೆಯ ಮೇಲಿನ ಕಿಟಕಿಯ ಬಿಸಿಲು ಬಿದ್ದಿದೆ.

ಇದನ್ನು ನೋಡಿ ನೀವು ಏನು ಮಾಡಿಕೊಳ್ಳುತ್ತೀರೋ ಅಂತ ಭಯ. ಒಬ್ಬರೇ ಇದ್ದಾಗ ತೆರೆಯಬೇಡಿ. ಫೈರ್‌ಮನ್‌ನನ್ನು ಜೊತೆಗೆ ಕೂರಿಸಿಕೊಳ್ಳಿ.

ನಿಮ್ಮ ಮಗಳು


ಡಿಸೆಂಬರ್ ೧೬

ಮಗಳೇ,

ಒಬ್ಬನೇ ಇದ್ದಾಗಲೇ ತೆರೆದೆ.

ಇಷ್ಟು ದಿನ ಇದನ್ನು ಒಬ್ಬಳೇ ಹೊತ್ತೆಯಲ್ಲ. ಅವಳ ಕೊನೆಯ ಮುಖವನ್ನು ನನ್ನ ಕೈಯಾರೆ ಅಳಿಸಿದೆ. ಅದೂ ಅವಳಿಗೆ ತೋರಿಸಬೇಕು ಅಂತ ಕಲಿತ ಚಟದಿಂದ. ಇದಕ್ಕೆ ಸಮಾಧಾನ ಹೇಳಬೇಡ. ಹೇಳಿದರೂ ನನಗೆ ಹಿಡಿಸುವುದಿಲ್ಲ.

ಫೈರ್‌ಮನ್ ಸಂಜೆ ಬಂದ. ತೋರಿಸಿದೆ. ಬಹಳ ಹೊತ್ತು ನೋಡಿ, "ಒಳಗೆ ಯಾರೋ ಇದ್ದ ಹಾಗಿದೆ ಸಾರ್" ಅಂದ.

ಒಂದು ಮಾತ್ರ ನೀನು ತಪ್ಪಾಗಿ ಓದಿದ್ದೀಯ. ಅದು ಬೇಡ ಅಂತ ಅಡ್ಡ ಹಿಡಿದ ಕೈಯಲ್ಲ. ನಾನೂ ಆವತ್ತು ಸಾಕು ಅಂತ ಇರಬೇಕು ಅಂದುಕೊಂಡಿದ್ದೆ. ಬೆರಳು ನೋಡು, ಜೋಡಿಸಿವೆ. ಅಂಗೈ ನೆಟ್ಟಗೆ ನನ್ನ ಕಡೆಗಿದೆ. ಗಿರಾಕಿಗಳ ಮುಂದೆ ಎತ್ತುತ್ತಿದ್ದ ಕೈ ಇದೇ. ಪ್ರತಿಸಲ ನಾನು ಹೊರಡುವಾಗ ಬಾಗಿಲಲ್ಲಿ ಎತ್ತುತ್ತಿದ್ದದ್ದೂ ಇದೇ. ಅವಳಿಗೆ ಕೆಮ್ಮು ಒತ್ತರಿಸಿಕೊಂಡು ಬರುತ್ತಿತ್ತು, ಬಾಯಿಂದ ಮಾತು ಬರಲಿಲ್ಲ. ತಡೀರಿ ಅನ್ನುತ್ತಿದ್ದಳು. ನಾನು ಒತ್ತಿದೆ.

ಅದನ್ನೇ ಗೋಡೆಗೆ ಹಾಕು. ಮೊಳೆ ಹೊಡೆದಿದ್ದೀಯಲ್ಲ.

ರಜೆಗೆ ಬರೆದುಕೊಟ್ಟಿದ್ದೇನೆ, ಸಿಕ್ಕಿದೆ. ಕ್ಯಾಮೆರಾ ತರುತ್ತಿಲ್ಲ. ಚಪ್ಪಲಿಯನ್ನು ಬಾಗಿಲ ಹತ್ತಿರದಿಂದ ತೆಗೆಯಬೇಡ, ಅಲ್ಲೇ ಇರಲಿ. ಎಷ್ಟು ದಿನ ಇರುತ್ತೇನೋ ತಿಳಿಯದು. ಈಗ ಬಾಗಿಲಲ್ಲಿ ನನ್ನನ್ನು ತಡೆಯುವವರು ಯಾರೂ ಇಲ್ಲ, ನನಗೆ ಯಾವ ರೈಲಿಗೂ ಹೊತ್ತಾಗಿಲ್ಲ.

ಇಂತಿ,
ಅಪ್ಪ